ಕಾಳಿನ ಹೆಣಿಗೆಯ ಟೋಪಿ

ಪುಷ್ಯಮಾಸದ ಮುಂಜಾವು! ಯಲ್ಲಾಪುರದಿಂದ ಕಿರವತ್ತಿಯ ಕಡೆಗೆ ಹೋಗುವ ಕೆಮ್ಮಣ್ಣಿನ ಮೋಟಾರು ರಸ್ತೆ ತೇಗದ ಕಾಡಿನ ನಡುವೆ ಎಲ್ಲಿ ಹೊರಳುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಆ ಹೊತ್ತಿನಲ್ಲಿ ಕಣ್ಣಿಗೆ ತಿಳಿಯುವಂತಿಲ್ಲ. ಧವಳ ನೀಹಾರವು ಮರಗಳ ಸೊಂಟದ ಮಟ್ಟಕ್ಕೆ ತುಂಬಿ ನಿಂತಿದೆ. ಅದರ ಮೇಲೆ ಎದ್ದು ಕಾಣುವ ತುದಿಯೆಲೆಗಳಿಗೆ ಮಾತ್ರ ಅರುಣೋದಯದ ಮೊದಲ ಕಿರಣ ತಗುಲಿ, ಇಂದೋ ನಾಳೆಯೋ ಉದುರಲಿರುವ ಎಲೆಯೂ ಒಂದು ಗಳಿಗೆ ಚಿಗುರಿನಂತೆ ಕೆಂಪೇರುತ್ತದೆ. ಎಲ್ಲೋ ದೂರದಲ್ಲಿ ದಿಮ್ಮಿ ಹೇರಿದ ಗಾಡಿಯ ಅಚ್ಚು ನರಳುತ್ತದೆ... ಮತ್ತೆ ಮೌನ. ಎಲೆಯಿಂದ ಎಲೆಗೆ ಜಾರುವ ಇಬ್ಬನಿಯ ಸದ್ದನ್ನೂ ಕೇಳಿಸಿಕೊಳ್ಳಬಹುದಾದ ಆ ಗಾಢ ಮೌನವನ್ನು ಸೀಳಿಕೊಂಡು, ಹುಬ್ಬಳ್ಳಿಗೆ ಹೊರಟ ಸರ್ವೀಸ್ ಮೋಟಾರಿನ ರಬ್ಬರು ತುತ್ತೂರಿ ಒಮ್ಮೆ ದೀರ್ಘವಾಗಿ ಕೂಗುತ್ತದೆ. ಮೂವತ್ತೇಳನೆಯ ಇಸವಿಯ ಯಲ್ಲಾಪುರ ಏಳುತ್ತಿದ್ದುದು ಆ ಕೂಗಿಗೆ.

ಸಹೃದಯರೇ, ಊರೆಲ್ಲ ಆ ಸದ್ದಿಗೆ ಏಳುತ್ತಿತ್ತಾದರೂ, ಅದಕ್ಕಿಂತ ಮೊದಲೇ ಎದ್ದು ಅದಕ್ಕಾಗಿಯೇ ಕಿವಿಗೊಟ್ಟು ಕೂತಿರುತ್ತಿದ್ದ ಜೀವವೊಂದು ಮೋಟಾರು ಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ದರ್ಜಿ ನೂರ್ ಅಹ್ಮದನ ಒಬ್ಬಳೇ ಮಗಳು, ಶಮ್ಸುನ್ನಿಸಾ. ಅವಳನ್ನು ಲೋಕೋತ್ತರ ಸುಂದರಿಯೆಂದು ವರ್ಣಿಸುವ ಚಪಲ ನನಗೂ ಇದೆ, ಆದರೆ ಸುಳ್ಳೇಕೆ? ಸಾಧಾರಣ ರೂಪು, ಸ್ವಲ್ಪ ಹೆಚ್ಚೇ ಅಗಲವಾದ ಹಣೆ, ಮಾತು ಕಡಿಮೆ. ಸೌಂದರ್ಯವೆಲ್ಲ ಹೋಗಿ ಸೇರಿದ್ದು ಬೆರಳುಗಳಲ್ಲಿ. ತುದಿಯಲ್ಲಿ ಕೊಕ್ಕೆಯುಳ್ಳ ಒಂದು ಉಕ್ಕಿನ ಕಡ್ಡಿ, ಒಂದು ಉಂಡೆ ಬಿಳಿಯ ನೂಲು, ಇಷ್ಟು ಕೊಟ್ಟರೆ ಆ ಬೆರಳುಗಳು ಕುಣಿಕೆಯೊಳಗಿಂದ ಕುಣಿಕೆಯನ್ನೆಳೆದು ಬಟ್ಟೆಯನ್ನೇ ಹುಟ್ಟಿಸುತ್ತಿದ್ದವು. ಕ್ರೋಶಾ ಎಂದು ಕರೆಯುವ ಆ ಕೈಗೆಲಸದಲ್ಲಿ ಅವಳನ್ನು ಮೀರಿಸುವವರು ಶಿರಸಿಯವರೆಗೂ ಇರಲಿಲ್ಲವೆಂದು ಓಣಿಯ ಹೆಂಗಸರು ಹೇಳುತ್ತಿದ್ದರು.

ಆ ಕಡೆಯ ಮುಸಲ್ಮಾನ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ನಿಖಾದ ದಿನ ಮದುಮಗನ ತಲೆಯ ಮೇಲೆ ಕೂರುವ ಬಿಳಿಯ ಟೋಪಿ ಅಂಗಡಿಯದಾಗಿರಕೂಡದು. ಮದುಮಗಳೇ ಸ್ವಹಸ್ತದಿಂದ ಹೆಣೆದಿರಬೇಕು. ಆದರೆ ಪರದೆಯೊಳಗಿನ ಹುಡುಗಿ ಗಂಡಿನ ತಲೆಯನ್ನು ಅಳೆಯುವುದೆಂತು? ಅದಕ್ಕಾಗಿ ಗಂಡಿನ ತಾಯಿ ಮಗನ ತಲೆಯ ಸುತ್ತ ಒಂದು ದಾರ ಹಿಡಿದು, ಗಂಟು ಹಾಕಿ, ಕಲ್ಲುಸಕ್ಕರೆಯ ಜೊತೆಗಿಟ್ಟು ಹೆಣ್ಣಿನ ಮನೆಗೆ ಕಳಿಸುತ್ತಿದ್ದಳು. ಆ ದಾರ ಬಂತೆಂದರೆ ಮದುವೆ ನಿಶ್ಚಯವಾದಂತೆಯೇ. ಹಿಂದಿನ ಮಾಗಿಯಲ್ಲಿ ಅಂಥ ದಾರವೊಂದು ಶಮ್ಸುನ್ನಿಸಾಳ ಕೈಗೂ ಬಂದಿತ್ತು!

ತುತ್ತೂರಿ ಒತ್ತುವ ಕೈ ಹಯಾತ್‌ನದು. ಓಣಿಯ ತುದಿಯ ಮನೆಯ ಮೈಮೂನಾ ಬೀಬಿಯ ಮಗ, ಮೋಟಾರಿನ ಡ್ರೈವರ್. ಚಿಕ್ಕಂದಿನಲ್ಲಿ ಜೊತೆಗೆ ಆಡಿದ ಹುಡುಗಿ ಬೆಳೆದು ಪರದೆಯ ಹಿಂದೆ ಸರಿದ ಮೇಲೆ, ಅವನು ಅವಳನ್ನು ಕಂಡದ್ದಿಲ್ಲ. ಹುಬ್ಬಳ್ಳಿಯಿಂದ ನೂಲಿನ ಉಂಡೆಗಳನ್ನು ತಂದು ನೂರ್ ಅಹ್ಮದನ ಹೊಲಿಗೆ ಯಂತ್ರದ ಪಕ್ಕ ಇಡುವನು. ಕಿವುಡರಿಗೆ ಹೇಳುವಷ್ಟು ದೊಡ್ಡ ದನಿಯಲ್ಲಿ, "ಚಾಚಾ, ಈ ಸಲದ ನೂಲು ಬಹಳ ನಯ ಇದೆ, ನೋಡಿ" ಎನ್ನುವನು. ನೂರ್ ಅಹ್ಮದನ ಕಿವಿ ಚೆನ್ನಾಗಿಯೇ ಇತ್ತು. ಒಳಗಿನ ಬಾಗಿಲ ಪರದೆಯ ಆಚೆ ಬಳೆಯ ಸದ್ದೊಂದು ಕೇಳಿಸಿದರೆ ಸಾಕು, ಹಯಾತ್‌ನಿಗೆ ಆ ದಿನದ ದೂಳು, ಬಿಸಿಲು, ದಣಿವು ಎಲ್ಲವೂ ಇಳಿದುಹೋಗುತ್ತಿತ್ತು. ಅವರ ಪ್ರಣಯವೆಲ್ಲ ಇಷ್ಟೇ: ಒಂದು ದನಿ, ಒಂದು ಬಳೆ! ಇಷ್ಟನ್ನೇ ನಂಬಿ ಎರಡು ಎಳೆಯ ಹೃದಯಗಳು ತಮ್ಮ ಮುಂದಿನ ಬಾಳನ್ನೆಲ್ಲ ಕಲ್ಪಿಸಿಕೊಂಡಿದ್ದವು. ಹಿರಿಯರಿಗೂ ಒಪ್ಪಿಗೆಯಾಗಿತ್ತು, ಊರಿಗೆ ಹೇಳುವುದೊಂದು ಬಾಕಿಯಿತ್ತು.

ಶಮ್ಸುನ್ನಿಸಾ ಆ ಟೋಪಿಗೆ ಆರಿಸಿದ್ದು ಕಾಳಿನ ಹೆಣಿಗೆ. ಬಹು ಸರಳವಾದದ್ದು. ಒಂದು ಗಿಡ್ಡ ಕುಣಿಕೆ, ಪಕ್ಕದಲ್ಲಿ ಒಂದು ಉದ್ದ ಕುಣಿಕೆ, ಮತ್ತೆ ಗಿಡ್ಡ, ಮತ್ತೆ ಉದ್ದ. ಮುಂದಿನ ಸುತ್ತಿನಲ್ಲಿ ಗಿಡ್ಡದ ತಲೆಯ ಮೇಲೆ ಉದ್ದ, ಉದ್ದದ ತಲೆಯ ಮೇಲೆ ಗಿಡ್ಡ. ಹೀಗೆ ಹೆಣೆದರೆ ನುಣ್ಣನೆಯ ನೂಲಿನ ಮೇಲೆ ಒತ್ತೊತ್ತಾಗಿ ಕಾಳು ಹರವಿದಂತೆ ಉಬ್ಬುಗಳೇಳುತ್ತವೆ. ಬೆರಳಾಡಿಸಿದರೆ ಹಿತವಾಗಿ ತಡೆಯುತ್ತವೆ. ಪ್ರತಿ ಕುಣಿಕೆಗೂ ಅವಳು ಆ ಗಂಟು ಹಾಕಿದ ದಾರವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು; ಮುಟ್ಟಬೇಕಾದ ಅಗತ್ಯ ಮೊದಲ ವಾರದಲ್ಲೇ ತೀರಿತ್ತು. ಕೊನೆಯ ಸುತ್ತು ಉಳಿದಿದ್ದಾಗ ಚೌಡಮ್ಮ ಬಂದಳು.

ಚೌಡಮ್ಮ ಓಣಿಯ ಹಿಂದಿನ ಗಾಡಿಯವನ ಹೆಂಡತಿ. ಹೆರಿಗೆಯಲ್ಲೇ ತಾಯಿಯನ್ನು ಕಳಕೊಂಡ ಶಮ್ಸುನ್ನಿಸಾಳನ್ನು ತನ್ನ ಕೂಸಿನ ಜೊತೆ ಹಾಲೂಡಿಸಿ ಬದುಕಿಸಿದವಳು. ಇದನ್ನು ಎಲ್ಲರೂ ಬಲ್ಲರು. ಮದುವೆಯ ಸುದ್ದಿಯನ್ನು ನೂರ್ ಅಹ್ಮದನಿಂದಲೇ ಕೇಳಿ, ಸೆರಗು ತುಂಬ ಸೇವಂತಿಗೆ ತಂದು ಮೈಮೂನಾ ಬೀಬಿಯ ಮುಂದೆ ಸುರಿದು, ಹಿಗ್ಗಿ ಹೇಳಿದಳು: "ನನ್ನಷ್ಟು ಪುಣ್ಯವಂತೆ ಯಾರಿದ್ದಾರೆ ಹೇಳಿ! ಗಂಡೂ ನನ್ನ ಹಾಲು ಕುಡಿದದ್ದೇ, ಹೆಣ್ಣೂ ನನ್ನ ಹಾಲು ಕುಡಿದದ್ದೇ."

"ಗಂಡು ಯಾವಾಗ ಕುಡಿದ?" ಮೈಮೂನಾ ಬೀಬಿ ಕೇಳಿದಳು.

"ಹಯಾತ್ ಹಸುಗೂಸಿದ್ದಾಗ ನೀವು ಚಳಿಜ್ವರದಲ್ಲಿ ಮೈಮೇಲೆ ಎಚ್ಚರ ಇಲ್ದೆ ಬಿದ್ದಿರಲಿಲ್ವಾ? ಕೂಸು ಅತ್ತೂ ಅತ್ತೂ ನೀಲಿ ಆಗಿತ್ತು. ನಿಮ್ಮತ್ತೆಗೆ ಗೊತ್ತಾದ್ರೆ ಬೈತಾರೆ ಅಂತ ಹಿಂಬಾಗಿಲಲ್ಲಿ ಎತ್ತಿಕೊಂಡು ಹೋಗಿ ಹಾಲು ಕೊಡ್ತಿದ್ದೆ. ನಿಮ್ಮ ಜ್ವರ ಬಿಡುವ ತನಕ."

ಅಯ್ಯೋ, ಚೌಡಮ್ಮ! ಆ ಮಾತು ಎಷ್ಟು ಅಂತಃಕರಣದ ಮಾತೋ ಅಷ್ಟೇ ಘೋರವಾಗಿ ಅದು ಆ ಮನೆಗಳ ಮೇಲೆ ಬಿತ್ತೆಂದು ನಿನಗೆ ಹೇಗೆ ಗೊತ್ತಾಗಬೇಕು? ಒಬ್ಬಳೇ ತಾಯಿಯ ಎದೆಹಾಲು ಕುಡಿದ ಮಕ್ಕಳು, ಆ ತಾಯಿ ಯಾವ ಜಾತಿಯವಳೇ ಆಗಿರಲಿ, ಅವರ ಧರ್ಮದಲ್ಲಿ ಒಡಹುಟ್ಟಿದವರಿಗೆ ಸಮಾನ. ಅಣ್ಣತಂಗಿಯರಿಗೆ ನಿಖಾ ಸಲ್ಲದು. ಶಿರಸಿಯಿಂದ ಬಂದ ಹಿರಿಯ ಮೌಲವಿಗಳೂ ತಲೆಯಾಡಿಸಿ, ಕಣ್ಣು ತಗ್ಗಿಸಿ, ಇಲ್ಲವೆಂದರು. ಸಂಗತಿ ತಿಳಿದ ಚೌಡಮ್ಮ ಓಡಿಬಂದು ಶಮ್ಸುನ್ನಿಸಾಳ ಮುಂದೆ ಕುಸಿದು ಕೂತು, "ಕುಡಿಸಿಲ್ಲ ಅಂದ್ಬಿಡ್ಲಾ ಮಗಳೇ? ದೇವರ ಮುಂದೆ ಬೇಕಾದ್ರೂ ಸುಳ್ಳು ಹೇಳ್ತೇನೆ" ಎಂದು ಬಿಕ್ಕಿದಳು.

ಶಮ್ಸುನ್ನಿಸಾ ಚೌಡಮ್ಮನ ಒರಟು ಕೈಗಳನ್ನು ತನ್ನ ಕೈಗಳಲ್ಲಿ ತೆಗೆದುಕೊಂಡು, "ಬೇಡ ಅಮ್ಮಾ" ಎಂದಳು. ಅಷ್ಟೇ! ಅದೇ ಸಂಜೆ ಟೋಪಿಯ ತುದಿಯ ಎಳೆಯನ್ನು ಎಳೆದಳು. ತಿಂಗಳುಗಟ್ಟಲೆ ಹೆಣೆದದ್ದು ದೀಪ ಹಚ್ಚುವ ಹೊತ್ತಿಗೆ ಡೊಂಕುಡೊಂಕಾದ ನೂಲಾಗಿ ಮಡಿಲಲ್ಲಿ ಬಿದ್ದಿತ್ತು. ದಾರವನ್ನು ಮೈಮೂನಾ ಬೀಬಿಗೆ ಹಿಂತಿರುಗಿಸಿದಳು.

ವಿಧಿಯ ವಕ್ರತೆ ನೋಡಿ! ಪ್ರಿಯತಮನಾಗಿದ್ದಾಗ ಅವನ ಎದುರು ಸುಳಿಯುವಂತಿರಲಿಲ್ಲ; ಅಣ್ಣನಾದೊಡನೆ ಪರದೆಯೇ ಬೇಡವಾಯಿತು. ಒಡಹುಟ್ಟಿದವನಿಂದ ಮುಖ ಮರೆಸುವ ಹೆಣ್ಣುಂಟೆ? ಮುಂದೆ ಬಂದ ರಂಜಾನ್ ಈದಿನ ದಿನ ಮೈಮೂನಾ ಬೀಬಿಯೇ ಅವಳ ಕೈಹಿಡಿದು ಪಡಸಾಲೆಗೆ ಕರೆತಂದಳು. ಇಷ್ಟು ವರ್ಷಗಳ ಮೇಲೆ ಹಯಾತ್ ಅವಳ ಮುಖ ನೋಡಿದನು. ಅವಳ ಕೈಯಲ್ಲಿನ ಶೀರ್‌ಖುರ್ಮಾ ಪಾಯಸದ ಬಟ್ಟಲನ್ನು ತೆಗೆದುಕೊಂಡು, "ಚೆನ್ನಾಗಿದ್ದೀಯಾ... ತಂಗೀ?" ಎಂದನು. ನಡುವೆ ಅವನು ನುಂಗಿಕೊಂಡದ್ದೇನೆಂದು ಅವಳಿಗೆ ಮಾತ್ರ ತಿಳಿಯಿತು. ಚೆನ್ನಾಗಿದ್ದೇನೆಂದು ಉತ್ತರ ಕೊಟ್ಟಳು.

ಅಂದಿನಿಂದ ಅವಳಿಗೆ ಒಂದೇ ಭಯ. ಅವಳ ಪ್ರೀತಿ ತಂಗಿಯ ಪ್ರೀತಿಯಾಗಿ ಮಾರ್ಪಟ್ಟಿದೆಯೆಂದು ಮನೆಯವರೆಲ್ಲ ನಂಬಿದ್ದರು; ಮಾರ್ಪಟ್ಟಿಲ್ಲವೆಂದು ಯಾರಿಗೂ ತಿಳಿಯಬಾರದು. ಮೊದಲು ಮಧುರವಾಗಿದ್ದುದೇ ಈಗ ಪಾಪ! ಬೆಳಗಿನ ತುತ್ತೂರಿ ಕೂಗಿದಾಗ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು... ಕೂಗು ಮುಗಿದ ಮೇಲೆ.

ಹಿರಿಯರು ಮಾತ್ರ ಹೃದಯವೂ ಮೋಟಾರಿನಂತೆ, ಹಿಡಿ ತಿರುಗಿಸಿದರೆ ಬೇರೆ ದಾರಿಗೆ ಬೀಳುತ್ತದೆ ಎಂದುಕೊಂಡಿರುತ್ತಾರೆ. ಮೈಮೂನಾ ಬೀಬಿ ಮಗನಿಗೆ ಕಿರವತ್ತಿಯ ಗಾಡಿ ವ್ಯಾಪಾರಿ ರಸೂಲನ ಮಗಳು ಸುಗ್ರಾಳನ್ನು ನಿಶ್ಚಯಿಸಿದಳು. ಬಕ್ರೀದ್ ಮುಗಿದು ಮೊಹರಮ್ಮಿನ ಚಂದ್ರ ಕಾಣುವುದರೊಳಗೆ ನಿಖಾ. ಹುಡುಗಿಗೆ ಕ್ರೋಶಾ ಬಾರದು. ಅವಳು ಯಲ್ಲಾಪುರದಲ್ಲಿ ಚಿಕ್ಕಮ್ಮನ ಮನೆಗೆ ಬಂದು ಇಳಿದಳು. ಮೈಮೂನಾ ಬೀಬಿ ಅವಳನ್ನು ಕರೆದುಕೊಂಡು ನೇರವಾಗಿ ಶಮ್ಸುನ್ನಿಸಾಳ ಬಾಗಿಲಿಗೆ ಬಂದಳು.

"ಇವಳಿಗೆ ಟೋಪಿ ಹೆಣೆಯುವುದು ಕಲಿಸು ಬೇಟಿ. ನೀನು ಹುಡುಗನ ತಂಗಿ, ನಿನಗಿಂತ ಹತ್ತಿರದವರು ಯಾರಿದ್ದಾರೆ?" ಎಂದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಶಮ್ಸುನ್ನಿಸಾ ಒಲ್ಲೆನೆನ್ನಬಹುದಿತ್ತು.

ಸುಗ್ರಾ ಚಿಗರೆಯಂಥ ಹುಡುಗಿ. ಕಿರವತ್ತಿಯ ಗಂಡುಮಾತು, ಬಾಯ್ತುಂಬ ನಗು. ಹಳೆಯ ಕಥೆ ಅವಳಿಗೆ ಗೊತ್ತಿರಲಿಲ್ಲ, ಊರಿಗೇ ಗೊತ್ತಿರಲಿಲ್ಲ. ಚಾಪೆಯ ಮೇಲೆ ಎದುರು ಕೂತು, ಕಡ್ಡಿಯನ್ನು ಸೌಟಿನಂತೆ ಹಿಡಿದು, "ನನ್ನ ಕೈ ಭಾಳ ಒರಟ ಐತ್ರಿ ಅಕ್ಕಾ. ಬೈಕೋಬ್ಯಾಡ್ರಿ ಮತ್ತ" ಎಂದಳು.

"ಬೈಯೋದಿಲ್ಲ. ದಾರ ಬಿಗಿ ಹಿಡೀಬೇಡ, ಅಷ್ಟೇ. ಬೆರಳಿನ ಮೇಲೆ ಅದು ತಾನಾಗಿ ಓಡಬೇಕು" ಎಂದಳು ಶಮ್ಸುನ್ನಿಸಾ.

ಮೊದಲು ಅಂಗೈಯಗಲದ ತುಂಡಿನ ಮೇಲೆ ಅಭ್ಯಾಸ. ಯಾವ ಹೆಣಿಗೆ ಬೇಕೆಂದು ಕೇಳಿದರೆ, ಗೋಡೆಗೆ ತೂಗುಹಾಕಿದ್ದ ಹತ್ತಾರು ಮಾದರಿಗಳಲ್ಲಿ ಸುಗ್ರಾಳ ಬೆರಳು ಹೋಗಿ ನಿಂತದ್ದು ಕಾಳಿನ ಹೆಣಿಗೆಯ ಮೇಲೆಯೇ! "ಇದು ಮುಟ್ಟಿದ್ರ ಭಾಳ ಚಂದ ಅನ್ನಸ್ತೈತ್ರಿ" ಎಂದಳು. ಬೇರೆಯದನ್ನು ತೋರಿಸಲು ಶಮ್ಸುನ್ನಿಸಾಳ ಬಾಯಿ ತೆರೆಯಿತು. ಕಾರಣವೇನೆಂದು ಕೇಳಿದರೆ ಏನು ಹೇಳುವುದೆಂದು ತೋಚದೆ ಮುಚ್ಚಿತು. ಕಲಿಸತೊಡಗಿದಳು. ಮಧ್ಯಾಹ್ನದ ಬಿಸಿಲು ಹೆಂಚಿನ ಬೆಳಕಿಂಡಿಯಿಂದಿಳಿದು ಚಾಪೆಯ ಮೇಲೆ ಮೆಲ್ಲನೆ ಸರಿಯುತ್ತಿತ್ತು. ಹೊರಗಡೆ ನೂರ್ ಅಹ್ಮದನ ಯಂತ್ರ ಟಕಟಕವೆನ್ನುತ್ತಿತ್ತು. ಒಳಗೆ ಒಬ್ಬಳು ಹೇಳಿಕೊಡುತ್ತಿದ್ದಳು, ಒಬ್ಬಳು ಗುನುಗುತ್ತಿದ್ದಳು: ಗಿಡ್ಡದ ಮೇಲೆ ಉದ್ದ, ಉದ್ದದ ಮೇಲೆ ಗಿಡ್ಡ... ತನ್ನ ಕನಸಿನ ಕುಣಿಕೆಗಳನ್ನೇ ಇನ್ನೊಬ್ಬಳ ಬೆರಳಿಗೆ ಒಂದೊಂದಾಗಿ ದಾಟಿಸುವುದೆಂದರೇನೆಂದು, ಓದುಗರೇ, ನಾನು ಬಿಡಿಸಿ ಹೇಳಬೇಕೆ? ಹುಡುಗಿಯ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದರೆ ಅದೂ ಬರುತ್ತಿರಲಿಲ್ಲ.

ತುಂಡಿನ ಮೇಲೆ ಕೈ ಕುದುರಿದ ಮೇಲೆ ಟೋಪಿ ಹಿಡಿದರು. ಟೋಪಿಯ ಕೆಲಸ ನೆತ್ತಿಯಿಂದ ಮೊದಲು. ನಡುವಿನ ಒಂದು ಬೊಟ್ಟಿನಿಂದ ಹೊರಟು, ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ, ರೊಟ್ಟಿಯಂತೆ ಚಪ್ಪಟೆಯಾಗಿ ಬೆಳೆಸುತ್ತ ಹೋಗಬೇಕು. ಅಂಚು ತಲೆಯ ಸುತ್ತಳತೆಗೆ ಮುಟ್ಟಿದಲ್ಲಿ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದ ಗೋಡೆ ಕೆಳಗಿಳಿಯುತ್ತದೆ, ಕಾಳಿನ ಹೆಣಿಗೆ ಶುರುವಾಗುತ್ತದೆ. ಹಿಂದಿರುಗಿದ ದಾರವನ್ನು ಮತ್ತೆ ಬಳಸುವಂತಿಲ್ಲ, ಹೊಸ ಅಳತೆಯ ದಾರ ಇನ್ನೂ ಬಂದಿರಲಿಲ್ಲ. ಹಯಾತ್ ಹುಬ್ಬಳ್ಳಿಯಲ್ಲಿ ಮೋಟಾರಿನ ರಿಪೇರಿಗೆ ನಿಂತಿದ್ದ.

ಅಂದು ಮಧ್ಯಾಹ್ನ ಸುಗ್ರಾ ಸುತ್ತು ಹಾಕುತ್ತಿದ್ದಳು. ಶಮ್ಸುನ್ನಿಸಾ ಹತ್ತಿರ ಕೂತು ಆ ಬಿಳಿಯ ಚಕ್ರ ಬೆಳೆಯುವುದನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಯಾವ ಮಾಗಿಗೆ ಜಾರಿದಳೋ, ಯಾವ ದನಿಯನ್ನು ಕೇಳಿಸಿಕೊಂಡಳೋ... ಕೈ ಚಾಚಿ, ಚಕ್ರದ ಅಂಚನ್ನು ಎರಡು ಬೆರಳಿನಿಂದ ಮೃದುವಾಗಿ ಹಿಡಿದು, "ಇಲ್ಲಿಗೆ ಸಾಕು. ಇನ್ನು ಹೆಚ್ಚಿಸ್ಬೇಡ, ಗೋಡೆ ಇಳಿಸು" ಎಂದುಬಿಟ್ಟಳು. ಕಲಿಯುವವಳಿಗೆ ಗುರುವಿನ ಮಾತೇ ಅಳತೆ. ಸುಗ್ರಾ ಗೋಡೆ ಇಳಿಸಿದಳು. ತಾನೇನು ಮಾಡಿದೆನೆಂದು ಶಮ್ಸುನ್ನಿಸಾಳಿಗೂ ಹೊಳೆಯಲಿಲ್ಲ.

ಹೊಳೆದದ್ದು ಮೈಮೂನಾ ಬೀಬಿ ಕಲ್ಲುಸಕ್ಕರೆಯ ಪೊಟ್ಟಣ, ಗಂಟು ಹಾಕಿದ ದಾರ ಹಿಡಿದು ಒಳಗೆ ಬಂದಾಗ. ಆ ಹೊತ್ತಿಗೆ ಟೋಪಿಯ ಗೋಡೆ ಅರ್ಧ ಇಳಿದಿತ್ತು.

"ಅಯ್ಯೋ ಹುಚ್ಚು ಹುಡುಗೀ! ದಾರ ಬರುವ ಮೊದಲೇ ಇಳಿಸಿದೆಯಾ? ನಮ್ಮ ಹಯಾತ್‌ನ ತಲೆ ಎಂಥದು ಗೊತ್ತಾ, ಹುಬ್ಬಳ್ಳಿಯ ಅಂಗಡಿಯಲ್ಲೂ ಅವನಿಗೆ ಟೋಪಿ ಸಿಕ್ಕುವುದಿಲ್ಲ. ಎಲ್ಲ ಬಿಚ್ಚಬೇಕಾಯ್ತು" ಎಂದು ನಗುತ್ತ ಅವಳು ದಾರವನ್ನು ಟೋಪಿಯ ಅಂಚಿಗೆ ಸುತ್ತಿದಳು.

ಗಂಟಿಗೆ ಗಂಟು ಕೂಡಿತು! ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅರೆ, ಅಳತೆಯೇ ಇಲ್ಲದೆ ಇಷ್ಟು ಸರಿಯಾಗಿ ಹೇಗೆ..." ಎಂದ ಮೈಮೂನಾ ಬೀಬಿಯ ಮಾತು ಅರ್ಧಕ್ಕೇ ನಿಂತಿತು. ಇಂಥದೇ ದಾರವನ್ನು ತಾನು ಮೊದಲೊಮ್ಮೆ ಯಾರ ಕೈಗೆ ಕಳಿಸಿದ್ದೆನೆಂದು ಅವಳಿಗೆ ನೆನಪಾಗಿತ್ತು. ಶಮ್ಸುನ್ನಿಸಾಳ ಮುಖ ನೋಡಿದಳು. ಆ ಮುಖದಲ್ಲಿ ರಕ್ತದ ಸುಳಿವಿರಲಿಲ್ಲ. "ಕೈಗುಣ... ಕೈಗುಣ ದೊಡ್ಡದು" ಎಂದು ತೊದಲಿ, ದಾರವನ್ನು ಅಲ್ಲೇ ಬಿಟ್ಟು, ಎದ್ದು ಹೋದಳು.

ಸುಗ್ರಾ ದಡ್ಡಿಯಲ್ಲ. ನಗು ಆರಿತ್ತು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಈ ತಲೀ ಅಳತಿ ನಿಮಗ ಹೆಂಗ ಗೊತ್ತ್ರೀ ಅಕ್ಕಾ?"

ತಂಗಿಗೆ ಅಣ್ಣನ ಅಳತೆ ತಿಳಿದಿರಲಾರದೇ ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಆ ಮಾತು ಬಂದೂ ಇತ್ತು. ಆದರೆ ಎದುರಿಗೆ ಕೂತ ಆ ನಿಷ್ಕಪಟ ನೇತ್ರಗಳನ್ನು ನೋಡಿದಾಗ ಶಮ್ಸುನ್ನಿಸಾಳಿಗೆ ಸುಳ್ಳು ಹೇಳಲಾಗಲಿಲ್ಲ. ಹೇಳಿದಳು. ನೂಲು, ಬಳೆ, ಚೌಡಮ್ಮನ ಸೇವಂತಿಗೆ, ಎಲ್ಲವನ್ನೂ ಹೇಳಿದಳು.

"ಈಗೂ ಐತೇನ್ರಿ ಮನಸಿನ್ಯಾಗ?"

ಶಮ್ಸುನ್ನಿಸಾ ತಲೆ ತಗ್ಗಿಸಿ ಕೂತಳು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದಾಗ ಎದುರಿನ ಚಾಪೆ ಬರಿದಾಗಿತ್ತು; ಸುಗ್ರಾ ಟೋಪಿ, ನೂಲು, ದಾರ ಎಲ್ಲವನ್ನೂ ಬಾಚಿಕೊಂಡು ಹೊರಟುಹೋಗಿದ್ದಳು.

ಆಮೇಲಿನ ದಿನಗಳು! ಓಣಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಶಮ್ಸುನ್ನಿಸಾ ಬಾಗಿಲ ಪರದೆಯತ್ತ ತಿರುಗುತ್ತಿದ್ದಳು. ಸುಗ್ರಾ ಬಾಯಿಬಿಟ್ಟರೆ? ಮದುವೆ ಮುರಿದರೆ? ಹಯಾತ್‌ನ ತಲೆಯ ಮೇಲೆ ಎರಡನೆಯ ಬಾರಿ ಅದೇ ಅಪಶಕುನ. ಅಪ್ಪನಿಗೆ ಮುಖವೆತ್ತಿ ನಡೆಯದಂಥ ಅವಮಾನ. ತನ್ನ ದುಃಖವೊಂದನ್ನೇ ಬಚ್ಚಿಟ್ಟುಕೊಂಡು ಸಾಯುವವರೆಗೆ ಬಾಳುವೆನೆಂದುಕೊಂಡಿದ್ದವಳು, ಎರಡು ಬೆರಳು ಚಾಚಿ ಎಲ್ಲವನ್ನೂ ಹಾಳುಮಾಡಿದೆನಲ್ಲ ಎಂದು ಆ ಬೆರಳುಗಳನ್ನೇ ದ್ವೇಷಿಸಿದಳು. ಬಕ್ರೀದ್ ಬಂತು, ಹೋಯಿತು.

ಒಂದು ಮಧ್ಯಾಹ್ನ ಬಾಗಿಲ ಪರದೆ ಸರಿಯಿತು. ಸುಗ್ರಾ! ಕಣ್ಣು ಊದಿದ್ದವು. ಬಂದವಳೇ ಒಂದು ಮುದ್ದೆಯನ್ನು ಚಾಪೆಯ ಮೇಲೆ ಒಗೆದಳು. ಟೋಪಿಯೇ ಅದು, ಆದರೆ ಹಳೆಯದಲ್ಲ. ನೆತ್ತಿಯೇನೋ ಬಂದಿತ್ತು, ಗೋಡೆಯ ಮೇಲೆ ಒಂದು ಕಾಳೂ ಇರಲಿಲ್ಲ, ಬಾಚಣಿಗೆ ಎಳೆದಂತೆ ಉದ್ದುದ್ದ ಗೆರೆಗಳು ನಿಂತಿದ್ದವು.

"ಎಲ್ಲಾ ಬಿಚ್ಚಿ ಒಗದೆ. ನಿಮ್ಮ ಅಳತಿ ನನಗ ಬ್ಯಾಡಾಗಿತ್ತು. ನಂದು ನಾನ ಮಾಡ್ಕೊಬೇಕಂತ ಛಲಾ ಹಿಡದು ಕುಂತೆ. ಬರವಲ್ತು ನೋಡ್ರಿ..." ಎಂದವಳ ದನಿ ಒಡೆಯಿತು. "ಯಾರಿಗೂ ಹೇಳಿಲ್ಲ ನಾ. ಹೇಳಂಗೂ ಇಲ್ಲ. ಅಪ್ಪನ ಮಾರಿ ನೋಡಿದ್ರ ಮದಿವಿ ಬಿಡಾಕೂ ಆಗವಲ್ತು. ನನಗೂ ಆಸೆ ಇತ್ರಿ ಅಕ್ಕಾ. ನಾನೂ ಮೋಟಾರ್ ಸಪ್ಪಳಾ ಕೇಳ್ಕೋತನ ದೊಡ್ಡಾಕಿ ಆಗೀನಿ."

ಕಿರವತ್ತಿಯ ಹಾದಿಯಲ್ಲೂ ಆ ತುತ್ತೂರಿ ಕೂಗುತ್ತಿತ್ತೆಂಬುದು ಶಮ್ಸುನ್ನಿಸಾಳಿಗೆ ಈವರೆಗೆ ಹೊಳೆದೇ ಇರಲಿಲ್ಲ! ತನ್ನೊಬ್ಬಳದೆಂದು ಎದೆಗವಚಿಕೊಂಡಿದ್ದ ನೋವಿನ ಪಕ್ಕದಲ್ಲೇ ಇನ್ನೊಂದು ಜೀವ ತನ್ನ ಪಾಲಿನ ನೋವನ್ನು ಹಿಡಿದು ನಿಂತಿದೆ. ಅವಳು ಟೋಪಿಯನ್ನೆತ್ತಿ ನೋಡಿದಳು.

"ಸುತ್ತು ಮುಗಿದಲ್ಲಿ ತಪ್ಪಿದ್ದೀಯ. ಹೊಸ ಸುತ್ತನ್ನೂ ಗಿಡ್ಡದಿಂದಲೇ ಶುರು ಮಾಡ್ತಾ ಹೋಗಿದ್ದಿ, ಗಿಡ್ಡದ ಮೇಲೆ ಗಿಡ್ಡವೇ ಕೂತಿದೆ. ಕೆಳಗೆ ಯಾವುದಿದೆ ಅಂತ ನೋಡಿ, ಅದಲ್ಲದ್ದನ್ನು ಹಾಕ್ಬೇಕು. ಗೋಡೆಯಷ್ಟು ಬಿಚ್ಚು, ತೋರಿಸ್ತೇನೆ."

"ಅಳತಿ ಮಾತ್ರ ದಾರ ನೋಡಿ ನಾನ ತಗೊಂಡೀನಿ. ಅದಕ್ಕ ನೀವೇನೂ ಹೇಳಬ್ಯಾಡ್ರಿ."

"ಹೇಳೋದಿಲ್ಲ" ಎಂದಳು ಶಮ್ಸುನ್ನಿಸಾ.

ಹೇಳಲಿಲ್ಲ. ನೆತ್ತಿಯ ಚಕ್ರವನ್ನು ಕಂಡೊಡನೆಯೇ ಅವಳಿಗೆ ಗೊತ್ತಾಗಿತ್ತು: ಸಿಟ್ಟಿನಲ್ಲಿ ನೂಲನ್ನು ಜಗ್ಗಿ ಹೆಣೆದು, ಚಕ್ರವನ್ನು ಎಳೆದು ಹಿಗ್ಗಿಸಿ ಅಳತೆಯ ದಾರಕ್ಕೆ ಕೂಡಿಸಿದ್ದಾಳೆ, ಅಂಚು ಒಂದು ಸುತ್ತಿನಷ್ಟು ಕಡಿಮೆಯಾಗಿದೆ, ಟೋಪಿ ಬಿಗಿಯಾಗುತ್ತದೆ. ತುಟಿ ಕಚ್ಚಿಕೊಂಡಳು. ಇಬ್ಬರೂ ಕೂತು ಕೆಲಸ ಮಾಡಿದರು. ಸುಗ್ರಾಳ ಕಡ್ಡಿಯ ಕೆಳಗೆ ಕಾಳುಗಳು ಒಂದೊಂದಾಗಿ ಏಳತೊಡಗಿದವು. ನಡುವೆ ಹುಡುಗಿ ಕಣ್ಣೊರೆಸಿಕೊಂಡಳು. ಇವಳು ಕಾಣದವಳಂತೆ ನೂಲಿನ ಉಂಡೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು.

ಏಳುವಾಗ ಸುಗ್ರಾ ಕೇಳಿದಳು: "ನಿಖಾಕ್ಕ ಬರ್ತೀರಿ?"

"ನೀನು ಬೇಡ ಅಂದರೆ ಬರೋದಿಲ್ಲ."

ಸುಗ್ರಾ ಹೊಸ್ತಿಲಲ್ಲಿ ನಿಂತು ಯೋಚಿಸಿದಳು. "ಬರ್ರಿ. ತಂಗಿ ಬರಲಿಲ್ಲಂದ್ರ ಮಂದಿ ಯಾಕಂತ ಕೇಳ್ತಾರ" ಎಂದಳು. ಹೊಸ್ತಿಲು ದಾಟುತ್ತ, "ಅವರಿಗೂ ಕೆಟ್ಟ ಅನಸ್ತೈತಿ" ಎಂದು ಸೇರಿಸಿ, ಸರಸರನೆ ನಡೆದುಬಿಟ್ಟಳು.

ನಿಖಾದ ದಿನ ಮೈಮೂನಾ ಬೀಬಿಯ ಮನೆಯಂಗಳಕ್ಕೆ ಮಾವಿನ ಹೂವಿನ ಗಂಧವನ್ನು ಹೊತ್ತ ಗಾಳಿ ಬೀಸುತ್ತಿತ್ತು. ಎಲೆಯುದುರಿದ ತೇಗದ ರೆಂಬೆಗಳ ನಡುವಿನಿಂದ ಮಾಘದ ಬಿಸಿಲು ಚಪ್ಪರದ ಮೇಲೆ ಧಾರಾಳವಾಗಿ ಸುರಿಯುತ್ತಿತ್ತು. ಹೆಂಗಸರ ಹಾಡು, ಅತ್ತರಿನ ಪರಿಮಳ, ಬಿರಿಯಾನಿ ಹಂಡೆಯ ಹಬೆ! ಹೆಣ್ಣಿನ ಕಡೆಯವರೂ ಅಲ್ಲಿಗೇ ಬಂದು ಇಳಿದಿದ್ದರು. ಗಂಡನ್ನು ಸಿಂಗರಿಸುವ ಹೊತ್ತು. ಟೋಪಿಯನ್ನು ಇಡಬೇಕಾದವಳು ಒಡಹುಟ್ಟಿದ ಹೆಣ್ಣು. ಹಯಾತ್‌ನಿಗೆ ರಕ್ತ ಹಂಚಿಕೊಂಡ ಅಕ್ಕತಂಗಿಯರಿಲ್ಲ. ಮೈಮೂನಾ ಬೀಬಿ ತಟ್ಟೆ ಹಿಡಿದು ನಿಂತು ಶಮ್ಸುನ್ನಿಸಾಳ ಕಡೆ ನೋಡಿದಳು. ಆ ನೋಟದಲ್ಲಿ ಒತ್ತಾಯವಿರಲಿಲ್ಲ, ಕ್ಷಮೆಯ ಯಾಚನೆಯಿತ್ತು. ಶಮ್ಸುನ್ನಿಸಾ ಮುಂದೆ ಬಂದಳು.

ಅವನು ಕುರ್ಚಿಯಲ್ಲಿ ಕೂತು ತಲೆ ಬಾಗಿಸಿದನು. ಅವಳು ಎರಡೂ ಕೈಗಳಿಂದ ಟೋಪಿಯನ್ನೆತ್ತಿ ಅವನ ತಲೆಯ ಮೇಲಿಟ್ಟಳು. ಎಷ್ಟೋ ಸಂಜೆ ಬೆರಳಿನಲ್ಲಿ ಅಳೆದಿದ್ದ ಆ ತಲೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು! ಟೋಪಿ ಇಳಿಯಲಿಲ್ಲ. ಮೆಲ್ಲನೆ ಒತ್ತಿದಳು, ಹಣೆಯ ಅಂಚಿನಲ್ಲಿ ಚರ್ಮ ಮಡಿಚಿ, ಕೆಂಪು ಗೆರೆಯೊಂದು ಮೂಡಿತು. ಪರದೆಯ ಆಚೆ ಹೆಣ್ಣಿನ ಕಡೆಯವರು ಇಣುಕುತ್ತಿದ್ದರು.

"ಬಿಗಿಯಾಯ್ತಾ?" ಎಂದಳು ಶಮ್ಸುನ್ನಿಸಾ, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಹಯಾತ್ ತಲೆಯೆತ್ತಿದನು. ಎರಡೂ ಕೈಯಿಂದ ಟೋಪಿಯ ಅಂಚನ್ನು ಹಿಡಿದು, ಇನ್ನಷ್ಟು ಕೆಳಗೆ ಎಳೆದು ಕೂರಿಸಿಕೊಂಡು, ಪರದೆಯ ಆಚೆಗೂ ಕೇಳುವಂತೆ ಸ್ಪಷ್ಟವಾಗಿ ಹೇಳಿದನು: "ಇಲ್ಲ ತಂಗೀ. ಬಹಳ ಸರಿಯಾಗಿದೆ. ಹೆಣೆದವಳಿಗೆ ಹೇಳು."

ಅವನ ಹಣೆಯ ನೋವು ಎಷ್ಟೆಂದು ಆ ಚಪ್ಪರದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೆಣ್ಣಿನ ಮನಸ್ಸು ನೋಯಬಾರದೆಂದು ಅವನು ನುಡಿದ ಆ ಸುಳ್ಳು ಸುಗ್ರಾಳ ಗಂಡನ ಸುಳ್ಳು. ಖಾಜಿಗಳು ನಿಖಾ ಓದುವುದು ಇನ್ನೂ ಬಾಕಿಯಿತ್ತು. ಶಮ್ಸುನ್ನಿಸಾಳ ಪಾಲಿಗೆ ಅದು ಆಗಲೇ ಮುಗಿದಿತ್ತು. "ಹೇಳ್ತೇನೆ ಅಣ್ಣಾ" ಎಂದಳು. ಆ ಮಾತನ್ನು ಅವಳು ಇಷ್ಟು ದಿನ ಒಮ್ಮೆಯೂ ಆಡಿರಲಿಲ್ಲ. ಒಳಮನೆಗೆ ನಡೆದು, ಜರಿಯ ಮುಸುಕಿನ ಕೆಳಗೆ ಕೂತಿದ್ದ ಸುಗ್ರಾಳ ಕಿವಿಯಲ್ಲಿ ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಮುಸುಕಿನೊಳಗಿಂದ ಒಂದು ಬೆಚ್ಚನೆಯ ಕೈ ಬಂದು ಅವಳ ಕೈಯನ್ನು ಹಿಡಿಯಿತು. ಬಹಳ ಹೊತ್ತು ಬಿಡಲಿಲ್ಲ.

ಸಹೃದಯರೇ, ಪ್ರೀತಿಸಿದ ವಸ್ತು ನಮಗೆ ದಕ್ಕದೆ ಹೋದಾಗ ಹೃದಯ ಒಡೆಯುತ್ತದೆಯೆನ್ನುತ್ತಾರೆ. ಇರಬಹುದು. ಆದರೆ ಒಡೆಯುವ ಗಳಿಗೆ ಅದಲ್ಲವೆಂದು ನನಗೆ ತೋರುತ್ತದೆ. ನಾವು ಯಾವ ಒಳ್ಳೆಯತನವನ್ನು ಕಂಡು ಮರುಳಾಗಿದ್ದೆವೋ ಅದೇ ಒಳ್ಳೆಯತನ ಕಣ್ಣೆದುರಿನಲ್ಲೇ ಇನ್ನೊಬ್ಬರ ಕಡೆಗೆ ತಿರುಗುವುದನ್ನು ಕಂಡು, ಅದನ್ನು ತಪ್ಪೆನ್ನಲೂ ಆಗದೆ, ಹೌದು, ಹೀಗೆಯೇ ಆಗಬೇಕೆಂದು ಒಳಗೊಳಗೇ ಒಪ್ಪಿಕೊಳ್ಳುವೆವಲ್ಲ... ಆಗ! ಮನುಷ್ಯಹೃದಯಕ್ಕೆ ಅದಕ್ಕಿಂತ ದೊಡ್ಡ ನೋವು ನಾನು ಕಾಣೆ. ಆ ನೋವನ್ನು ಹೊತ್ತ ಎಷ್ಟೋ ಜನ ಮದುವೆಮನೆಗಳಲ್ಲಿ ಊಟ ಬಡಿಸುತ್ತ, ಕೂಸುಗಳನ್ನು ಎತ್ತಿಕೊಳ್ಳುತ್ತ, ನಗುತ್ತ ಓಡಾಡಿಕೊಂಡಿರುತ್ತಾರೆ. ಶಮ್ಸುನ್ನಿಸಾಳೂ ಆ ಮಧ್ಯಾಹ್ನ ಹೆಂಗಸರ ಪಂಕ್ತಿಗೆ ತಾನೇ ನಿಂತು ಬಡಿಸಿದಳು.